ಎದೆಯ ಕಾಳಿಗೆ ನಲವತ್ತೈದು ದಿನ

ಹುಬ್ಬಳ್ಳಿಯ ಹೊರವಲಯದ ಹೃದಯ ಕೇಂದ್ರವೊಂದರ ಮೂರನೆಯ ಮಹಡಿಯಲ್ಲಿ ಉದ್ದನೆಯ ಕೋಣೆಯೊಂದಿತ್ತು. ಬಾಗಿಲ ಮೇಲೆ ‘ದೂರ ನಿಗಾ ವಿಭಾಗ’ ಎಂಬ ಫಲಕವಿದ್ದರೂ ಅಲ್ಲಿ ಕೆಲಸ ಮಾಡುವವರು ಅದನ್ನು ಕೇಳುವ ಕೋಣೆ ಎಂದೇ ಕರೆಯುತ್ತಿದ್ದರು. ಗೋಡೆಯುದ್ದಕ್ಕೂ ಪರದೆಗಳು, ಪರದೆಗಳ ತುಂಬ ಹಸಿರು ಗೆರೆಗಳು. ಒಂದೊಂದು ಗೆರೆಯೂ ಎಲ್ಲೋ ಒಂದು ಊರಿನಲ್ಲಿ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಲೋ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೋ ಇರುವ ಒಬ್ಬ ಮನುಷ್ಯನ ಎದೆಬಡಿತ.

ಕಸ್ತೂರಿ ಮುಗದೂರ ಆ ಕೋಣೆಯ ಹಿರಿಯ ತಂತ್ರಜ್ಞೆ. ಐವತ್ತೆರಡು ವರ್ಷ. ಗೆರೆಯನ್ನು ನೋಡಿಯೇ ಈ ಮನುಷ್ಯ ಈಗ ಉಂಡು ಕೂತಿದ್ದಾನೆ, ಈಕೆ ಮೆಟ್ಟಿಲು ಹತ್ತುತ್ತಿದ್ದಾಳೆ ಎಂದು ಹೇಳಬಲ್ಲಷ್ಟು ಪಳಗಿದವಳು. ಆ ತಿಂಗಳು ಮಾತ್ರ ಆಕೆಯ ಕಣ್ಣು ಮತ್ತೆ ಮತ್ತೆ ಒಂದೇ ಗೆರೆಯತ್ತ ಹೋಗುತ್ತಿತ್ತು. ಅದು ಆಕೆಯ ಗಂಡ ಶಿವಯೋಗಿಯದು. ಮನೆಯವರ ಗೆರೆಯನ್ನು ತಾವೇ ನೋಡಿಕೊಳ್ಳುವಂತಿಲ್ಲ ಎಂಬ ನಿಯಮವಿದ್ದುದರಿಂದ ಅದು ಸಹೋದ್ಯೋಗಿ ಇಮ್ತಿಯಾಜನ ಪಾಲಿಗೆ ಬಂದಿತ್ತು. ಆದರೆ ಚಹಾದ ಲೋಟ ಹಿಡಿದು ಇಮ್ತಿಯಾಜನ ಹಿಂದೆ ನಿಲ್ಲಬಾರದು ಎಂಬ ನಿಯಮವೇನೂ ಇರಲಿಲ್ಲ.

“ಇವತ್ತ ಮೂವತ್ತೊಂದನೇ ದಿನ ಅಕ್ಕಾ,” ಎಂದ ಇಮ್ತಿಯಾಜ. “ಮಾಸ್ತರ ಗೆರಿ ನೋಡ್ರಿ, ಸ್ಕೇಲ್ ಇಟ್ಟು ಎಳದಂಗ ಐತಿ. ಹೊಸದಾಗಿ ಬಂದವರಿಗೆ ಇದನ್ನ ತೋರಿಸಿ ಪಾಠ ಹೇಳಬಹುದು.”

ಕಸ್ತೂರಿಗೆ ಹೆಮ್ಮೆಯೇ ಆಯಿತು.

ಶಿವಯೋಗಿ ಮುಗದೂರ ಹೈಸ್ಕೂಲಿನ ದೈಹಿಕ ಶಿಕ್ಷಕ. ಹುಡುಗಿಯರ ಕಬಡ್ಡಿ ತಂಡ ಕಟ್ಟಿ, ಅವರ ಜೊತೆ ತಾನೂ ಮೈದಾನದ ಸುತ್ತ ಓಡುತ್ತಿದ್ದ ಮನುಷ್ಯ. ಅವನು ಸಿಳ್ಳೆ ಊದದೆ ಬರೀ ಕೂಗಿದರೂ ಎರಡು ಓಣಿಯಾಚೆ ಕೇಳುತ್ತಿತ್ತು. ಸಿಟ್ಟು ಬೇಗ, ನಗುವೂ ಬೇಗ. ಒಂದು ವರ್ಷದಿಂದ ಅವನ ಎದೆ ತಾಳ ತಪ್ಪುತ್ತಿತ್ತು. ಒಮ್ಮೆ ನಡುಗಿ, ಒಮ್ಮೆ ನಾಗಾಲೋಟಕ್ಕೆ ಬಿದ್ದು, ಒಂದು ದಿನ ಮೈದಾನದಲ್ಲೇ ಅವನನ್ನು ಕೆಡವಿತ್ತು. ತೊಡೆಯ ಸಂದಿನ ರಕ್ತನಾಳದೊಳಗಿಂದ ತೆಳುವಾದ ತಂತಿ ಕಳಿಸಿ, ಹೃದಯದ ಮೇಲಿನ ಕೋಣೆಯಲ್ಲಿ ಹಾದಿ ತಪ್ಪಿದ ಮಿಂಚು ಹುಟ್ಟುತ್ತಿದ್ದ ಜಾಗಗಳನ್ನು ಸುಟ್ಟು ಮುಚ್ಚಿದ್ದರು. ಅದು ಹಳೆಯ ವಿದ್ಯೆ. ಅದರ ಜೊತೆಗೆ ಅದೇ ದಾರಿಯಲ್ಲಿ ಒಂದು ಕಾಳನ್ನೂ ಬಿಟ್ಟಿದ್ದರು. ಅದು ಹೊಸ ವಿದ್ಯೆ.

ಕಂಪನಿಯವರು ಇಟ್ಟ ಹೆಸರು ಉದ್ದವಾಗಿತ್ತು. ಜೋಳದ ಕಾಳಿನಷ್ಟೇ ಗಾತ್ರವಿದ್ದುದರಿಂದ ಜನ ಅದನ್ನು ಕಾಳು ಎಂದರು. ‘ನಮ್ಮ ಕಾಕಾ ಕಾಳ ಹಾಕಿಸ್ಕೊಂಡಾರ’ ಎನ್ನುವುದು ನಾಲ್ಕು ವರ್ಷದಲ್ಲಿ ಎಲ್ಲರ ಬಾಯಲ್ಲೂ ರೂಢಿಯಾಗಿತ್ತು. ಸುಟ್ಟ ಮೇಲೂ ಹೃದಯ ಆಗಾಗ ಹಟ ಮಾಡುತ್ತದೆ. ಆಗ ಕಾಳು, ಹೃದಯಕ್ಕೆ ‘ನಿಧಾನ’ ಎಂದು ಹೇಳುವ ನರವನ್ನು ಮೆಲ್ಲಗೆ ಮುಟ್ಟಿ ಅದನ್ನು ಹಾದಿಗೆ ತರುತ್ತಿತ್ತು. ಆದರೆ ಯಾವುದು ಹಾದಿ? ಒಬ್ಬರ ಹಾದಿ ಇನ್ನೊಬ್ಬರದಲ್ಲ. ಅದಕ್ಕೇ ಮೊದಲ ನಲವತ್ತೈದು ದಿನ ಕಾಳು ನರವನ್ನು ಮುಟ್ಟದೆ ಬರೀ ಕಲಿಯುತ್ತಿತ್ತು. ಈ ಮನುಷ್ಯ ನಿದ್ದೆಯಲ್ಲಿ ಹೇಗೆ, ಕೂತಾಗ ಹೇಗೆ, ನಡೆದಾಗ ಹೇಗೆ ಎಂದು ಪ್ರತಿ ಬಡಿತವನ್ನೂ ಎಣಿಸಿ ಗುರುತಿಟ್ಟುಕೊಂಡು, ನಲವತ್ತೈದನೆಯ ದಿನ ಸಂಜೆ ತನ್ನ ಪುಸ್ತಕವನ್ನು ಮುಚ್ಚುತ್ತಿತ್ತು. ಯಾರೂ ಹೊರಗಿನಿಂದ ಕೈಯಾಡಿಸಬಾರದೆಂದು, ಮುಚ್ಚಿದ ಪುಸ್ತಕ ಮತ್ತೆ ತೆರೆಯದ ಹಾಗೆ ಅದನ್ನು ಮಾಡಿದ್ದರು.

ಹಾಗಾಗಿ ಈ ನಲವತ್ತೈದು ದಿನ ಮನೆಯಲ್ಲಿ ಶಾಂತಿಯಿರಬೇಕು ಎಂದು ಆಸ್ಪತ್ರೆಯ ಚೀಟಿ ಹೇಳುತ್ತಿತ್ತು. ಕಸ್ತೂರಿ ಆ ಚೀಟಿಯನ್ನು ಅಕ್ಷರಶಃ ಪಾಲಿಸಿದ್ದಳು. ಟೀವಿಯಲ್ಲಿ ಸುದ್ದಿಯಿಲ್ಲ, ಪಂದ್ಯವಿಲ್ಲ. ಶಿವಯೋಗಿಯ ಫೋನ್ ಕಸ್ತೂರಿಯ ಚೀಲದಲ್ಲಿ. ಎಂಬತ್ತು ದಾಟಿದ ಅತ್ತೆ ಬಸಲಿಂಗವ್ವ ಕೂಡ ಮಗನೆದುರು ಪಿಸುಮಾತಿನಲ್ಲಿ ಮಾತಾಡುತ್ತಿದ್ದಳು. ತಂಡದ ಹುಡುಗಿಯರು ನೋಡಲು ಬಂದಾಗ ಬಾಗಿಲಲ್ಲೇ ಹಣ್ಣು ಇಸಿದುಕೊಂಡು ಕಳಿಸಿದ್ದರು.

ಅಂದು ಸಂಜೆ ಕಸ್ತೂರಿ ಮನೆಗೆ ಬಂದಾಗ ಶಿವಯೋಗಿ ಪಡಸಾಲೆಯ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದ.

“ಹೆಂಗದೀರಿ?” ಎಂದಳು.

“ನನ್ನ ಯಾಕ ಕೇಳ್ತಿ? ನಿಮ್ಮ ಆಫೀಸಿನ್ಯಾಗ ನೋಡಿ ಬಂದಿರತಿ,” ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಬಾರದು ಎಂದು ಅವನಿಗೂ ಅಭ್ಯಾಸವಾಗಿತ್ತು.

ಅವನಿಗೆ ಹೇಳದೆ ಮುಚ್ಚಿಟ್ಟ ಸಂಗತಿ ಒಂದಿತ್ತು. ಶಿವಯೋಗಿಗೆ ಹದಿನಾರನೆಯ ವಯಸ್ಸಿನಲ್ಲಿ ಕಬಡ್ಡಿ ಕಲಿಸಿ, ಕಾಲೇಜಿಗೆ ಸೇರಿಸಿ, ನೌಕರಿ ಸಿಗುವವರೆಗೂ ಕೈಬಿಡದಿದ್ದ ದಾವಲಸಾಬ ಮಾಸ್ತರರು, ಕಾಳು ಹಾಕಿಸಿದ ಹನ್ನೆರಡನೆಯ ದಿನ ತೀರಿಕೊಂಡಿದ್ದರು. ಮಣ್ಣಿಗೆ ಕಸ್ತೂರಿ ಒಬ್ಬಳೇ ಹೋಗಿಬಂದು, ಸ್ನಾನ ಮಾಡಿ, ಡ್ಯೂಟಿಯಿಂದ ಬಂದವಳ ಹಾಗೆ ಒಳಗೆ ಬಂದಿದ್ದಳು. ‘ಪುಸ್ತಕ ಮುಚ್ಚಲಿ, ಆಮ್ಯಾಲ ಹೇಳೂಣು’ ಎಂದು ಅತ್ತೆ ಸೊಸೆ ಮಾತಾಡಿಕೊಂಡಿದ್ದರು. ಹೃದಯದ ರೋಗಿಯಿರುವ ಮನೆಗಳಲ್ಲಿ ಇದು ಹೊಸತೇನಲ್ಲ.

ಮೂವತ್ತಾರನೆಯ ದಿನ ಬೆಳಿಗ್ಗೆ ಕೇಳುವ ಕೋಣೆಗೆ ಒಂದು ಫೋನ್ ಬಂತು. ಅಣ್ಣಿಗೇರಿಯಲ್ಲಿ ಖಾನಾವಳಿ ನಡೆಸುವ ಪಾರವ್ವ ಗಡಾದ ಎಂಬ ಹೆಂಗಸು. ಕಾಳು ಹಾಕಿಸಿಕೊಂಡು ಎಂಟು ತಿಂಗಳಾಗಿತ್ತು.

“ಬಾಯಾರ, ನನ್ನ ಕಾಳಿಗೆ ಏನಾರ ಆಗೈತೇನು, ನೋಡ್ರಿ,” ಎಂದಳು ಪಾರವ್ವ. “ಹ್ವಾದ ವಾರ ನಮ್ಮ ಅಕ್ಕ ತೀರಕೊಂಡ್ಲು. ಹೆಣದ ಮುಂದ ಕುಂತು ಅಳಾಕ ಚಾಲೂ ಮಾಡಿದ್ನಿ. ಅಳು ಬಂತ್ರಿ, ಆದ್ರ ಎದಿ ಮ್ಯಾಲ ಏಳಲಿಲ್ಲ. ಕಣ್ಣಿಗೆ ಕತ್ತಲ ಬಂದು ಬಿದ್ನಿ. ಎಬ್ಬಿಸಿ ನೀರ ಕುಡಿಸಿದ್ರು. ಮತ್ತ ಅತ್ನಿ, ಮತ್ತ ಬಿದ್ನಿ. ಕಡೀಕ ನನ್ನ ಒಳಗ ಮಲಗಿಸಿ ಅಕ್ಕನ ಒಯ್ದಬಿಟ್ರು.”

ಕಸ್ತೂರಿ ಆ ದಿನದ ಗೆರೆಯನ್ನು ತೆಗೆದು ನೋಡಿದಳು. ಎಂಬತ್ತೆಂಟು. ಬಡಿತ ಎಂಬತ್ತೆಂಟಕ್ಕೆ ಏರಿದಾಗಲೆಲ್ಲ ಕಾಳು ನರವನ್ನು ಮುಟ್ಟಿ ಕೆಳಗಿಳಿಸಿತ್ತು. ಪಾರವ್ವ ಅತ್ತಷ್ಟೂ ಕಾಳು ಅದುಮಿತ್ತು. ಯಂತ್ರದಲ್ಲಿ ದೋಷವಿರಲಿಲ್ಲ. ತನಗೆ ಕಲಿಸಿದ್ದನ್ನು ಅದು ತಪ್ಪದೆ ಮಾಡಿತ್ತು.

ಪಾರವ್ವನ ಕಲಿಕೆಯ ದಿನಗಳ ಗೆರೆಯನ್ನೂ ತೆಗೆದಳು. ಅದೂ ಸ್ಕೇಲ್ ಇಟ್ಟು ಎಳೆದ ಹಾಗಿತ್ತು. “ಆ ನಲವತ್ತೈದ ದಿನ ಏನ ಮಾಡಿದ್ರಿ ಪಾರವ್ವಾ?” ಎಂದು ಕೇಳಿದಳು.

“ಏನೂ ಇಲ್ಲರಿ. ನನ್ನ ಸೊಸೆಂದ್ರು ಒಂದ ಕಡ್ಡಿ ಎತ್ತಾಕ ಬಿಡಲಿಲ್ಲ. ದೇವರಂಗ ಕುಂಡ್ರಿಸಿ ನೋಡಕೊಂಡ್ರು,” ಎಂದಳು ಪಾರವ್ವ ಅಭಿಮಾನದಿಂದ.

ಫೋನಿಟ್ಟ ಮೇಲೆ ಕಸ್ತೂರಿಯ ಕಣ್ಣು ತಾನಾಗಿ ಗಂಡನ ಗೆರೆಯತ್ತ ಹೋಯಿತು. ಐದು ದಿನದ ಹಿಂದೆ ಹೆಮ್ಮೆ ತಂದಿದ್ದ ಆ ಗೆರೆಯನ್ನು ಪಾರವ್ವನ ಗೆರೆಯ ಪಕ್ಕಕ್ಕಿಟ್ಟು ನೋಡಿದಳು.

ಅವಳು ಮತ್ತು ಇಮ್ತಿಯಾಜ ಮೂರು ದಿನ ಊಟದ ಹೊತ್ತನ್ನೆಲ್ಲ ಹಳೆಯ ದಾಖಲೆಗಳಲ್ಲಿ ಕಳೆದರು. ಕಂಡದ್ದು ಸರಳವಾಗಿತ್ತು. ಅತಿ ಚೆನ್ನಾಗಿ ಆರೈಕೆಯಾದವರು, ಕೂತಲ್ಲೇ ಉಂಡು ಮಲಗಿದವರು, ಆಮೇಲೆ ‘ತಲಿ ತಿರಗತೈತಿ’, ‘ಮೆಟ್ಟಲಾ ಹತ್ತಾಕ ಆಗವಲ್ದು’ ಎಂದು ಫೋನ್ ಮಾಡಿದ್ದರು. ಪ್ರತಿ ಫೋನಿಗೂ ‘ವಯಸ್ಸಿನ ನಿಶ್ಶಕ್ತಿ’ ಎಂದು ಯಾರೋ ಟಿಪ್ಪಣಿ ಹಾಕಿದ್ದರು. ಕೆಲವು ಟಿಪ್ಪಣಿಗಳ ಕೆಳಗೆ ಕಸ್ತೂರಿಯದೇ ಸಹಿ ಇತ್ತು. ಇನ್ನೊಂದು ಕಡೆ, ಎಪಿಎಂಸಿಯ ಒಬ್ಬ ಹಮಾಲ ಹೇಳದೆ ಕೇಳದೆ ಇಪ್ಪತ್ತನೆಯ ದಿನ ಚೀಲ ಹೊರಲು ಹೋಗಿ ವೈದ್ಯರಿಂದ ಬೈಸಿಕೊಂಡಿದ್ದ. ಅವನು ಮೂರು ವರ್ಷದಿಂದ ಗುಂಡುಕಲ್ಲಿನ ಹಾಗಿದ್ದ. ನಡೆದಾಗ ಏರುವುದನ್ನು ಕಾಳು ಹೇಗೋ ತುಸು ಕಲಿಯುತ್ತಿತ್ತು. ಆದರೆ ಕೂತಲ್ಲೇ ಏರುವ ಬಡಿತ, ಅಂದರೆ ಸಿಟ್ಟು, ಅಳು, ಹೊಟ್ಟೆ ಹುಣ್ಣಾಗುವ ನಗು, ಅದರ ಪುಸ್ತಕದಲ್ಲಿ ಇಲ್ಲದಿದ್ದರೆ ರೋಗವೇ.

ಮೂವತ್ತೊಂಬತ್ತನೆಯ ದಿನ ಇಬ್ಬರೂ ಡಾಕ್ಟರ್ ಇನಾಮದಾರರ ಮುಂದೆ ಕಾಗದ ಹರವಿದರು. ಇನಾಮದಾರರು ಕನ್ನಡಕ ಏರಿಸಿ ಎಲ್ಲವನ್ನೂ ಓದಿದರು.

“ಕಸ್ತೂರಿಬಾಯಿ, ನೀವು ಹೇಳೋದು ಖರೆ ಅನಸ್ತದ,” ಎಂದರು ಕೊನೆಗೆ. “ಆ ಚೀಟಿ ಬರದವನೂ ನಾನs. ಗಾಯ ಕೆದರಬಾರದು ಅಂತ ಬರದೆ. ಕಾಳು ಬಂದ ಮ್ಯಾಲ ಚೀಟಿ ಬದಲಿ ಮಾಡಬೇಕಿತ್ತು, ಮಾಡಲಿಲ್ಲ. ಇವತ್ತs ಕಂಪನಿಗೆ ಬರೀತೀನಿ, ಸಮಿತಿ ಕರೀತೀನಿ. ಸಮಿತಿ ಕೂಡಲಿಕ್ಕೆ ಹದಿನೈದು ದಿನ ಬೇಕು.”

“ನಮ್ಮನಿಯವರಿಗೆ ಆರ ದಿನ ಉಳದಾವರಿ ಸರ್ರ.”

“ಗೊತ್ತದ.” ಅವರು ಕಿಟಕಿಯತ್ತ ನೋಡಿದರು. “ಐದು ವಾರ ದಾಟಿದವರಿಗೆ ಗಾಯ ಬಹಳಷ್ಟು ಮಾದಿರ್ತದ. ಅಂಥವರನ್ನ ಒಬ್ಬೊಬ್ಬರನ್ನs ಕರದು ಇಲ್ಲೇ ಓಡೋ ಪಟ್ಟಿ ಮ್ಯಾಲ ನಡಸೋಣ. ಶಿವಯೋಗಿಯವರನ್ನ ನಾಳೆ ತರ್ರಿ. ತಡಕೊಂಡ್ರ, ಹೊರಗ ಬದುಕಲಿಕ್ಕೆ ಬಿಡ್ರಿ. ಆದರ ಒಂದು ನೆನಪಿಡ್ರಿ. ತಾಳ ತಪ್ಪಿದ ಬಡಿತ ಹತ್ತು ನಿಮಿಷ ದಾಟಿದ್ರ ಕಾಳು ಹೆದರಿ ಅಲ್ಲೇ ಪುಸ್ತಕ ಮುಚ್ಚತದ. ಅಷ್ಟರೊಳಗ ಕಲತದ್ದಷ್ಟೇ ಗತಿ. ಹೊಸ ಗಾಯದ ಮ್ಯಾಲ ಇನ್ನೊಂದು ಕಾಳು ನಾ ಅಂತೂ ಇನ್ನೂ ಆರೆಂಟು ತಿಂಗಳು ಹಾಕೋದಿಲ್ಲ.”

ಮರುದಿನ ಆಸ್ಪತ್ರೆಯ ಟ್ರೆಡ್‌ಮಿಲ್ ಪಟ್ಟಿಯ ಮೇಲೆ ಶಿವಯೋಗಿ ಇಪ್ಪತ್ತು ನಿಮಿಷ ನಡೆದ, ಎರಡು ನಿಮಿಷ ಓಡಿದ. ಗೆರೆ ನೂರಾ ಇಪ್ಪತ್ತಕ್ಕೆ ಏರಿ, ಸಾಲು ತಪ್ಪದೆ ಇಳಿಯಿತು. ಬೆವರು ಒರೆಸಿಕೊಳ್ಳುತ್ತಾ, “ಇಷ್ಟ ದಿನ ಯಾಕ ಕುಂಡ್ರಿಸಿದ್ರಿ?” ಎಂದು ಅವನು ನಕ್ಕ. ಕಸ್ತೂರಿ ನಗಲಿಲ್ಲ. ಓಡುವುದು ಸುಲಭದ ಪಾಠ ಎಂದು ಅವಳಿಗೆ ಗೊತ್ತಿತ್ತು.

ಮನೆಗೆ ಬಂದು ಊಟವಾದ ಮೇಲೆ ಅವನೆದುರು ಕೂತು ಎಲ್ಲವನ್ನೂ ಹೇಳಿದಳು. ಕಾಳಿನ ಸಂಗತಿ, ಪಾರವ್ವನ ಸಂಗತಿ. ಅವನು ಗಮನವಿಟ್ಟು ಕೇಳಿದ. ಆಟದ ತಂತ್ರ ಕೇಳುವಾಗ ಅವನ ಮುಖ ಹೀಗೇ ಇರುತ್ತಿತ್ತು.

“ಅಂದ್ರ ಐದ ದಿನದಾಗ ನಾ ಸಿಟ್ಟಾಗಬೇಕು, ಅಳಬೇಕು, ನಗಬೇಕು. ಹೌದಿಲ್ಲೊ? ಸುಮ್ಮನ ಕುಂತು ಸಿಟ್ಟ ಬಾ ಅಂದ್ರ ಬರತದೇನು?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬಸಲಿಂಗವ್ವ ಸೊಸೆಯ ಮುಖ ನೋಡಿದಳು. ಬೇಡ ಎಂದು ತಲೆಯಾಡಿಸಿದಳು. ಕಸ್ತೂರಿ ತಲೆತಗ್ಗಿಸಿ, ಒಂದು ಉಸಿರಿನಲ್ಲಿ ಹೇಳಿಬಿಟ್ಟಳು.

“ದಾವಲಸಾಬ ಮಾಸ್ತರ ಹೋದ್ರು. ನಿಮ್ಮ ಹನ್ನೆರಡನೇ ದಿನಕ್ಕ.”

ಶಿವಯೋಗಿ ಮೊದಲು ಅರ್ಥವಾಗದವನ ಹಾಗೆ ನೋಡಿದ. “ಯಾವ ಹನ್ನೆರಡನೇ ದಿನ?” ಎಂದ. ಆಮೇಲೆ ತಾನೇ ಬೆರಳೆಣಿಸಿದ. “ಇಪ್ಪತ್ತೆಂಟ ದಿನ ಆತು. ಇಪ್ಪತ್ತೆಂಟ ದಿನ ನೀ ನನ್ನ ಮುಂದ ರೊಟ್ಟಿ ಬಡಿಸಿದಿ, ಗುಳಿಗಿ ಕೊಟ್ಟಿ, ‘ಹೆಂಗದೀರಿ’ ಅಂದಿ. ಅವ್ವಾ, ನಿನಗೂ ಗೊತ್ತಿತ್ತೇನು?”

“ನಿನ್ನ ಎದಿ ಸಲುವಾಗಿ ಯಪ್ಪಾ…” ಎಂದಳು ಮುದುಕಿ.

“ನನ್ನ ಎದಿ ನಿಮ್ಮದೇನು?” ಅವನ ದನಿ ಎದ್ದಿತು. ನಲವತ್ತು ದಿನದಿಂದ ಆ ಮನೆಯಲ್ಲಿ ಕೇಳದಿದ್ದ ದನಿ. “ನೀ ನನ್ನ ನೋಡಿಲ್ಲ ಕಸ್ತೂರಿ. ಗೆರಿ ನೋಡೀದಿ. ಗೆರಿ ಸಪಾಟ ಇದ್ರ ನಿನಗ ಗಂಡ ಆರಾಮ ಅದಾನ. ಆ ಮನಷ್ಯಾ ನನ್ನ ಮಣ್ಣಿನ್ಯಾಗಿಂದ ಎತ್ತಿ ಮನಷ್ಯಾನ್ನ ಮಾಡಿದಾಂವ. ನಾ ಅವನ ಮಣ್ಣಿಗೆ ಒಂದ ಹಿಡಿ ಮಣ್ಣ ಹಾಕಲಿಲ್ಲ!”

ಅವನು ಎದ್ದು ನಿಂತಿದ್ದ. ತಟಕ್ಕನೆ ಏನೋ ಹೊಳೆದಂತೆ ತಡೆದ. ದನಿ ಪೂರಾ ಕೆಳಗಿಳಿಯಿತು.

“ಈಗ ಯಾಕ ಹೇಳಿದಿ? ಇದನ್ನೂ ಕಾಳಿನ ಪಾಠಕ್ಕಂತ ಹೇಳಿದ್ಯೇನು?”

ಕಸ್ತೂರಿ ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳಿ ಸಾಕಾಗಿತ್ತು.

“ಅರ್ಧ ಹೌದು,” ಎಂದಳು. “ಇನ್ನರ್ಧ ನನಗ ಗೊತ್ತಿಲ್ಲ. ಆ ಪಾರವ್ವ ‘ಅಕ್ಕನ ಒಯ್ದಬಿಟ್ರು’ ಅಂದಾಗಿಂದ ಇದನ್ನ ಒಳಗ ಇಟಕೊಳ್ಳಾಕ ಆಗಲಿಲ್ಲ. ನಾ ತಪ್ಪ ಮಾಡೇನಿ. ಕಾಳ ಇರಲಿಲ್ಲಂದ್ರೂ ಅದು ತಪ್ಪs.”

ಶಿವಯೋಗಿ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆ ದಿನವೂ ಮರುದಿನವೂ ಹೆಂಡತಿಯ ಜೊತೆ ಮಾತಾಡಲಿಲ್ಲ. ತಾಯಿ ಕೊಟ್ಟ ತಾಟನ್ನು ಮಾತ್ರ ಇಸಿದುಕೊಂಡ. ಕೇಳುವ ಕೋಣೆಯಲ್ಲಿ ಇಮ್ತಿಯಾಜ ಒಮ್ಮೆ ಹಿಂಜರಿಯುತ್ತಾ, “ನಿನ್ನೆ ಊಟ ಆದ ಮ್ಯಾಲ ನೂರಾ ಮೂವತ್ತಕ್ಕ ಹೋಗಿತ್ತು ಅಕ್ಕಾ. ಕುಂತಲ್ಲೇ. ಸಾಲು ತಪ್ಪಿಲ್ಲ,” ಎಂದ. ಕಸ್ತೂರಿ ಹೂಂ ಎಂದಳು. ಆ ಗೆರೆಯ ಹತ್ತಿರ ಅವತ್ತು ಹೋಗಲಿಲ್ಲ.

ನಲವತ್ತೆರಡನೆಯ ದಿನ ಬೆಳಿಗ್ಗೆ ಶಿವಯೋಗಿ ಬಿಳಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. “ಹಳೇ ಹುಬ್ಬಳ್ಳಿಗೆ ಹೊಂಟೇನಿ,” ಎಂದ. ಸ್ವಲ್ಪ ತಡೆದು, “ಬರ್ತಿಯೇನು?” ಎಂದ. ಕಸ್ತೂರಿ ಕೈಲಿದ್ದ ಪೊರಕೆಯನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದಳು.

ದಾವಲಸಾಬರ ಮನೆ ಇಕ್ಕಟ್ಟಾದ ಓಣಿಯಲ್ಲಿತ್ತು. ಅವರ ಹೆಂಡತಿ ಹುಸೇನಬಿ ಚಾಪೆ ಹಾಸಿದಳು. ಗೋಡೆಯ ಮೇಲೆ ಹಳೆಯ ತಂಡಗಳ ಫೋಟೋಗಳು. ಒಂದರಲ್ಲಿ ಬಡಕಲು ಹುಡುಗ ಶಿವಯೋಗಿ, ಮಾಸ್ತರರ ಪಕ್ಕದಲ್ಲಿ.

“ತಡಾ ಆತು ಅವ್ವಾರ. ನನಗ ಗೊತ್ತಿದ್ದಿಲ್ಲ,” ಎಂದ ಶಿವಯೋಗಿ.

“ನಿನಗ ತಿಳಿಸಿಲ್ಲಂತ ನಿನ್ನ ಹೆಣ್ತಿ ಅವತ್ತs ಹೇಳ್ಯಾಳ ಯಪ್ಪಾ. ನಾನs ಅಂದ್ನಿ, ಹೇಳಬ್ಯಾಡವಾ, ಹುಡಗ ಗಟ್ಟಿ ಆಗಲಿ ಅಂತ,” ಎಂದಳು ಹುಸೇನಬಿ. “ಕಡೇ ದಿನ ನಿನ್ನ ಹೆಸರ ತಗೊಂಡಿದ್ರು. ‘ಶಿವ್ಯಾಗ ಹೇಳು, ಮಣಕಾಲ ನೋಡ್ಕೊ ಅಂತ’ ಅಂದ್ರು. ನಿನಗ ಎದಿ ಬ್ಯಾನಿ ಅಂತ ಅವರಿಗೆ ನೆನಪಿದ್ದಿಲ್ಲ. ನಿನಗಿನ್ನೂ ಹದಿನಾರ ವರ್ಸ ಅಂತ ತಿಳಕೊಂಡಿದ್ರು.”

ಶಿವಯೋಗಿ ನಗಲು ಹೋದ. ಆ ನಗು ಅರ್ಧಕ್ಕೆ ಒಡೆದು ಅಳುವಾಯಿತು. ಐವತ್ತೇಳು ವರ್ಷದ ದೊಡ್ಡ ಮೈ ಚಾಪೆಯ ಮೇಲೆ ಮುದುಡಿ ಅಳತೊಡಗಿತು. ಹುಸೇನಬಿಯೂ ಸೆರಗು ಹಿಡಿದು ಅತ್ತಳು. ಕಸ್ತೂರಿ ಅವನ ಪಕ್ಕ ಕೂತು ಮಣಿಕಟ್ಟನ್ನು ಹಿಡಿದಳು. ಮೊದಮೊದಲು ಬೆರಳ ಕೆಳಗೆ ನಾಡಿ ಜೋರಾಗಿ, ಆದರೆ ಸಾಲಾಗಿ ಹೊಡೆಯುತ್ತಿತ್ತು. ಆಮೇಲೆ ಒಂದು ಬಡಿತ ಎಡವಿತು. ಇನ್ನೊಂದು ಮುಂಚೆಯೇ ಬಂತು. ಅದರ ಹಿಂದೆ ಏನೂ ಬರಲಿಲ್ಲ. ಆಮೇಲೆ ಮೂರು ಒಟ್ಟಿಗೆ ನುಗ್ಗಿದವು.

ಅವಳ ಫೋನ್ ನಡುಗಿತು. ಇಮ್ತಿಯಾಜ.

“ಅಕ್ಕಾ, ತಾಳ ತಪ್ಪೇತಿ. ಒಂದ ನಿಮಿಷ ಹತ್ತ ಸೆಕೆಂಡ್ ಆತು.”

“ನನ್ನ ಕೈಯಾಗ ಐತಿ ಇಮ್ತಿಯಾಜ. ಹೇಳಕೋತ ಹೋಗು.”

ಏನು ಮಾಡಬೇಕು? ಅಳು ನಿಲ್ಲಿಸಿ ಎನ್ನಬೇಕೇ? ಹಾಗೆನ್ನಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಮತ್ತೆ ಅದುಮುವುದಾದರೆ ಇಲ್ಲಿಗೆ ಬಂದದ್ದೇಕೆ? ಅವನ ಬೆನ್ನಿಗೆ ಒಂದು ಕೈಯಿಟ್ಟು, “ಅಳ್ರಿ. ಉಸರ ಬಿಟ್ಟು ಅಳ್ರಿ. ಹಿಡೀಬ್ಯಾಡ್ರಿ,” ಎಂದಳು. ನೆನಪಾಗಿ, ಹುಸೇನಬಿಯಿಂದ ಮಡಕೆಯ ತಣ್ಣೀರು ತರಿಸಿ, ಸೆರಗಿನ ಚುಂಗನ್ನು ಅದ್ದಿ ಅವನ ಮುಖಕ್ಕೆ ಒತ್ತಿದಳು. ಮುಖಕ್ಕೆ ತಂಪು ತಾಗಿದರೆ ಹೃದಯ ತಾನಾಗಿ ತುಸು ನಿಧಾನವಾಗುತ್ತದೆ. ಅದು ಯಾವ ಕಾಳೂ ಕಲಿಸಬೇಕಿಲ್ಲದ ಪಾಠ.

“ನಾಕ ನಿಮಿಷ,” ಎಂದ ಇಮ್ತಿಯಾಜ. “ಆರು… ಏಳೂವರೆ.”

ಶಿವಯೋಗಿಯ ಅಳು ಬಿಕ್ಕಳಿಕೆಗೆ ಇಳಿದಿತ್ತು. “ಮಣಕಾಲ ನೋಡ್ಕೊ ಅಂದ್ರಂತ,” ಎಂದ ಕಸ್ತೂರಿಯತ್ತ ತಿರುಗಿ. ಅದು ಎರಡು ದಿನದಲ್ಲಿ ಅವಳಿಗೆ ಆಡಿದ ಮೂರನೆಯ ಮಾತು. “ಸಾಯೂ ಮುಂದ ನನ್ನ ಮಣಕಾಲ ನೆನಪಾದ್ವು.”

“ಎಂಟೂ ನಲವತ್ತ. ಒಂಬತ್ತ ಆತಕ್ಕಾ.”

ಬೆರಳ ಕೆಳಗೆ ಒಂದು ದೀರ್ಘ ಮೌನ. ಆಮೇಲೆ ಒಂದು ಬಡಿತ. ಸರಿಯಾದ ಹೊತ್ತಿಗೆ ಇನ್ನೊಂದು. ಇನ್ನೊಂದು. ಮತ್ತೊಂದು. ಶಾಲೆಯ ಪ್ರಾರ್ಥನೆಗೆ ಸಾಲು ಹಿಡಿದ ಮಕ್ಕಳ ಹಾಗೆ.

“ಸಾಲಿಗೆ ಬಂತು!” ಇಮ್ತಿಯಾಜ ಫೋನಿನಲ್ಲೇ ಕೂಗಿದ. “ಒಂಬತ್ತು ನಿಮಿಷ ಇಪ್ಪತ್ತೆರಡ ಸೆಕೆಂಡ್. ಪುಸ್ತಕ ತೆರದs ಐತಿ. ಅಕ್ಕಾ, ಕೇಳಸ್ತೇನು? ನೂರಾ ಹದಿನಾರು ಐತಿ, ಕಾಳು ಮುಟ್ಟವಲ್ದು. ಸುಮ್ಮನ ನೋಡಾಕತ್ತೇತಿ.”

ಹುಸೇನಬಿ ಒಳಗಿಂದ ಮೂರು ಬಟ್ಟಲು ಚಹಾ ತಂದಳು.

ಉಳಿದ ದಿನಗಳು ಹಗುರಾಗಿ ಕಳೆದವು. ಕಸ್ತೂರಿ ಗಂಡನ ಫೋನ್ ಮರಳಿ ಕೊಟ್ಟಳು. ತಂಡದ ಹುಡುಗಿಯರು ಮನೆಗೆ ಬಂದು, ಶಿವಯೋಗಿಯಿಲ್ಲದೆ ಸೋತ ಎರಡು ಪಂದ್ಯಗಳ ವರದಿ ಒಪ್ಪಿಸಿದರು. ನಾಯಕಿ ಸಾವಕ್ಕ, ಎದುರಾಳಿ ಗೆರೆಯ ಮೇಲೆ ಕಾಲಿಟ್ಟದ್ದನ್ನು ನೋಡದೆ ರೆಫ್ರಿ ಹೇಗೆ ಆಕಳಿಸಿದ ಎಂದು ಅಭಿನಯಿಸಿ ತೋರಿಸಿದಾಗ ಶಿವಯೋಗಿ ಕುರ್ಚಿಯಿಂದ ಜಾರುವಷ್ಟು ನಕ್ಕ. ಬಸಲಿಂಗವ್ವ ಪಿಸುಮಾತು ಬಿಟ್ಟು ಎಂದಿನಂತೆ ನೆರೆಯವರ ಮೇಲೆ ಕೂಗಾಡಿದಳು. ನಲವತ್ತೈದನೆಯ ದಿನ ಸಂಜೆ ಅವನು ಮೈದಾನದ ಅಂಚಿನಲ್ಲಿ ನಿಂತು, “ಕಾಲ ಹಿಡೀರಿ! ಕಾಲ ಹಿಡೀರಿ!” ಎಂದು ಕಿರುಚುತ್ತಿದ್ದಾಗ ಕಾಳು ತನ್ನ ಪುಸ್ತಕವನ್ನು ಮುಚ್ಚಿತು. ಅವನಿಗದು ಗೊತ್ತೂ ಆಗಲಿಲ್ಲ.

ಸಮಿತಿ ಕೂಡಿತು. ಚೀಟಿ ಬದಲಾಯಿತು. ಕಂಪನಿಯವರು ಬಂದು ಹೋದರು, ವಾದ ಮಾಡಿದರು, ಒಪ್ಪಿದರು. ಆದರೆ ಪುಸ್ತಕ ಆಗಲೇ ಮುಚ್ಚಿಹೋದವರು ಮುನ್ನೂರಕ್ಕೂ ಹೆಚ್ಚು ಮಂದಿಯಿದ್ದರು. ಅವರಿಗೆ ಪತ್ರ ಕಳಿಸಿದರೆ ಸಾಕು ಎಂದರು ಕೆಲವರು. ‘ವಯಸ್ಸಿನ ನಿಶ್ಶಕ್ತಿ’ ಎಂದು ತಾನು ಸಹಿ ಹಾಕಿದವರ ಮನೆಗಳಿಗಾದರೂ ತಾನೇ ಹೋಗಿ ಹೇಳುತ್ತೇನೆ ಎಂದಳು ಕಸ್ತೂರಿ. ಇನಾಮದಾರರು ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಮೊದಲು ಹೋದದ್ದು, ಈ ಎಲ್ಲವನ್ನೂ ಹೊರಗೆ ತಂದ ಪಾರವ್ವನ ಅಣ್ಣಿಗೇರಿಗೆ.

ಪಾರವ್ವ ಇಬ್ಬರನ್ನೂ ಕೂರಿಸಿ ಎಣ್ಣೆಗಾಯಿ ಪಲ್ಯ, ರೊಟ್ಟಿ ಬಡಿಸಿದಳು. ಉಂಡಾದ ಮೇಲೆ ಕಸ್ತೂರಿ ಮಾತು ಸುತ್ತಿಬಳಸದೆ ಹೇಳಿದಳು. ತಪ್ಪು ನಿಮ್ಮದಲ್ಲ, ನಿಮ್ಮ ಸೊಸೆಯರದ್ದೂ ಅಲ್ಲ, ನಮ್ಮದು.

ಪಾರವ್ವ ಉಂಡ ತಾಟುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಳು. “ಮತ್ತ ಹೊಸಾ ಕಾಳ ಹಾಕಿದ್ರ ಸರಿ ಹೋಗತೈತೇನ್ರಿ?”

“ಹೋಗಬಹುದು,” ಎಂದರು ಇನಾಮದಾರರು. “ನಿಮ್ಮ ಗಾಯ ಪೂರ್ತಿ ಮಾದದ. ಹಳೇ ಕಾಳು ತಗದು ಹೊಸದು ಹಾಕಬಹುದು. ಆದರೂ ಅಪಾಯ ಇಲ್ಲ ಅಂತ ನಾ ಹೇಳೋದಿಲ್ಲ. ಹಿಂಗs ಶಾಂತ ಇದ್ದರ ಇನ್ನೂ ಹತ್ತಿಪ್ಪತ್ತು ವರ್ಷ ಇದು ನಿಮ್ಮನ್ನ ಕಾಯ್ತದ. ಅದೂ ಒಂದು ದಾರಿ.”

“ಶಾಂತ ಇದ್ದು ನನಗೇನ ಆಗಬೇಕಾಗೇತ್ರಿ, ಖಾನಾವಳಿ ನಡಸಾಕಿಗೆ?” ಎಂದಳು ಪಾರವ್ವ. “ಹಾಕ್ರಿ.”

ಮೂರು ವಾರದ ನಂತರ ಅವಳಿಗೆ ಹೊಸ ಕಾಳು ಹಾಕಿದರು. ಹೊಸ ಚೀಟಿಯಲ್ಲಿ ಮೊದಲ ಎರಡು ವಾರ ವಿಶ್ರಾಂತಿ, ಆಮೇಲೆ ದಿನದಿನಕ್ಕೆ ಹೆಚ್ಚುವ ನಡಿಗೆ, ನಾಲ್ಕನೆಯ ವಾರದಿಂದ ‘ಎಂದಿನ ಬದುಕು’ ಎಂದಿತ್ತು. ಎಂದಿನ ಬದುಕು ಎಂದರೆ ಏನೆಂದು ಚೀಟಿ ವಿವರಿಸಿರಲಿಲ್ಲ. ವಿವರಿಸುವುದು ಬೇಡ ಎಂದು ಕಸ್ತೂರಿಯೇ ಹೇಳಿದ್ದಳು.

ಮೂವತ್ನಾಲ್ಕನೆಯ ದಿನ ಮಧ್ಯಾಹ್ನ, ಊಟದ ಹೊತ್ತು. ಕೇಳುವ ಕೋಣೆಗೆ ಹೊಸದಾಗಿ ಸೇರಿದ್ದ ಹುಡುಗಿ ಪರದೆಯತ್ತ ಕೈತೋರಿಸಿ ಎದ್ದು ನಿಂತಳು. “ಮೇಡಂ, ಅಣ್ಣಿಗೇರಿ ಪೇಷಂಟ್! ನೂರಾ ಇಪ್ಪತ್ತ… ನೂರಾ ಮೂವತ್ತಾತು. ನಡದಾಡಿಲ್ಲ, ನಿಂತಲ್ಲೇ!”

ಕಸ್ತೂರಿ ಬಂದು ನೋಡಿದಳು. ಗೆರೆ ಎತ್ತರಕ್ಕೆ ಎದ್ದಿತ್ತು. ಬಡಿತಕ್ಕೂ ಬಡಿತಕ್ಕೂ ನಡುವಿನ ಅಂತರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೂ ನಿಯಮದಂತೆ ಫೋನ್ ಹಚ್ಚಿದಳು. ಆಚೆ ಪಾತ್ರೆಗಳ ಸದ್ದು, ಗಂಡಸೊಬ್ಬನ ಗದ್ದಲ, ಅದರ ಮೇಲೆ ಪಾರವ್ವನ ದನಿ.

“ಪಾರವ್ವಾ, ಆರಾಮ ಅದೀರೇನು? ಎದಿ ಏರೇತಿ.”

“ಏರಲೇಬೇಕಲ್ರಿ!” ಎಂದಳು ಪಾರವ್ವ, ಏದುಸಿರಿನಲ್ಲಿ. “ಇಲ್ಲೊಬ್ಬ ನನ್ನ ಎಣ್ಣಿಗಾಯಿ ಉಂಡು, ನನ್ನ ಮುಂದ ನಿಂತು, ಉಪ್ಪ ಕಡಿಮಿ ಆಗೈತಿ ಅನ್ನಾಕತ್ತಾನ. ನೀವ ಫೋನ್ ಇಡ್ರಿ ಬಾಯಾರ, ಜಗಳ ನಡುವ ನಿಂತೈತಿ.”

ಅವಳೇ ಫೋನ್ ಇಟ್ಟಳು. ಕಸ್ತೂರಿ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. ಗೆರೆ ನೂರಾ ನಲವತ್ತನ್ನು ಮುಟ್ಟಿತು.